ಹೈದರಾಬಾದ್ ಸಂಸ್ಥಾನದ ಕೊಪ್ಪಳ ಸೀಮೆಯಲ್ಲಿ ಕನ್ನಡ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. 9ನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲೊಂದೆಂದು ಹೆಸರಿಸುವ ಕೊಪಣವೇ ಇಂದಿನ ಕೊಪ್ಪಳ. ಅಂತಹ ನೆಲದಲ್ಲಿಯೇ ಆಡಳಿತಭಾಷೆಯು ಮೊದಲು ಪಾರಸಿ, 19ನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಮಾಧ್ಯಮವೂ ಉರ್ದುವೇ. ತುಂಗಭದ್ರೆಯ ವಿರೂಪಾಪುರಗಡ್ಡೆ, ಆನೆಗೊಂದಿಗಳ ಕಡೆ ನಿಜಾಮರದು, ಎದುರು ದಡದ ಹಂಪಿ ಮದರಾಸು ಪ್ರಾಂತದ್ದು. ಎರಡೂ ದಡಗಳ ಆಡುಮಾತು ಮಾತ್ರ ಕನ್ನಡ.

ಐರ್ಲೆಂಡಿನ ಸ್ಥಿತಿ ಇದಕ್ಕೆ ವಿಲೋಮವಾದುದು. ಅಲ್ಲಿ 1937ರ ಸಂವಿಧಾನವು ಐರಿಷನ್ನು ಪ್ರಥಮ ಅಧಿಕೃತ ಭಾಷೆಯೆಂದು ಸಾರಿತಾದರೂ, ಅಷ್ಟರೊಳಗೆ ಬಹುಜನರ ಮನೆಮಾತು ಇಂಗ್ಲಿಷ್ ಆಗಿತ್ತು. ಇಲ್ಲಿ ಕನ್ನಡವು ಕಚೇರಿಯಲ್ಲಿ ಸ್ಥಾನ ಕಳೆದುಕೊಂಡರೂ ಹೊಲಮನೆಗಳಲ್ಲಿ ಉಳಿಯಿತು. ಆದುದರಿಂದ ಇದನ್ನು ಭಾಷೆಯ ಅಳಿವೆನ್ನುವುದಕ್ಕಿಂತ ಅಧಿಕಾರವಂಚನೆಯೆನ್ನುವುದೇ ಯುಕ್ತ. ಆ ಆಡುಮಾತಿನ ಆಧಾರದ ಮೇಲೆಯೇ 1956ರ ನವೆಂಬರ್ 1ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು.