ಹೆಂಚಿನ ಮಾಡಿನಡಿ ಸಬ್‌ವೂಫರ್

ಜೀಪಿನ ಹಿಂಬದಿಯಿಂದ ಇಬ್ಬರು ಹಿಡಿದು ಇಳಿಸಿದ ಪೆಟ್ಟಿಗೆ ಈಗ ಚಾವಡಿಯ ಕಾವಿ ನೆಲದ ಮೇಲೆ ಕೂತಿದೆ. ಸುತ್ತ ಥರ್ಮೋಕೋಲಿನ ಚೂರು. ಸುಬ್ರಹ್ಮಣ್ಯದಿಂದ ಗುತ್ತಿಗಾರಿಗೆ ಹೋಗುವ ದಾರಿಯಲ್ಲಿ ತುಸು ಒಳಗೆ ಸರಿದಿರುವ ಅಡಿಕೆ ತೋಟದ ಮನೆ. ದೀಪಾವಳಿ ಕಳೆದು ವಾರವಾಗಿಲ್ಲ. ಅಂಗಳದಲ್ಲಿ ಹಣ್ಣಡಿಕೆ ಹರಡುತ್ತಿದ್ದವರೂ ಕೆಲಸ ಬಿಟ್ಟು ಜಗಲಿ ಹತ್ತಿದ್ದಾರೆ. ಹನ್ನೆರಡು ಇಂಚಿನ ಸಬ್‌ವೂಫರ್. ನೋಡಿದವರೆಲ್ಲರದೂ ಒಂದೇ ಪ್ರಶ್ನೆ: "ಎಷ್ಟು ವ್ಯಾಟಿಂದು?"

ನನ್ನನ್ನು ಕೇಳಿದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಡಬ್ಬದ ಮೇಲೆ ಸಾವಿರಗಟ್ಟಲೆ ಪಿಎಂಪಿಒ ವ್ಯಾಟ್ ಅಚ್ಚು ಹಾಕಿ ಮಾರಿದ ಕಾಲವನ್ನು ನಾವೆಲ್ಲ ಕಂಡವರೇ. ನಂಬುವುದಾದರೆ ಒಂದೇ ಸಮನೆ ಕೊಡಬಲ್ಲ ಶಕ್ತಿಯ ಲೆಕ್ಕ, ಅಂದರೆ ಆರ್‌ಎಂಎಸ್ ಲೆಕ್ಕ ನಂಬಬೇಕು, ಅದೂ ಅರ್ಧ ಕಥೆ ಮಾತ್ರ. ಸಬ್‌ವೂಫರಿನ ಕಸುಬು ಗಾಳಿ ತಳ್ಳುವುದು. 40 ಹರ್ಟ್ಸ್‌ನ ಸದ್ದು ಎಷ್ಟು ಜೋರಿದೆಯೋ ಅಷ್ಟೇ ಜೋರು 20 ಹರ್ಟ್ಸ್‌ನಲ್ಲೂ ಬೇಕೆಂದರೆ ನಾಲ್ಕು ಪಟ್ಟು ಗಾಳಿ ಸರಿಸಬೇಕು. ಆರೂವರೆ ಇಂಚಿನ ಕೋನಿಗೆ ಎಷ್ಟೇ ಕರೆಂಟು ಕುಡಿಸಿದರೂ ಅದು ಸಾಗದ ಮಾತು. ಮೇಲಾಗಿ ಈ ಮನೆಯೇ ಸೋರುವ ಮನೆ. ಮಳೆ ಸೋರುವುದಿಲ್ಲ, ಸದ್ದು ಸೋರುತ್ತದೆ. ಟಿವಿ ಕೋಣೆಗೆ ಕೆಂಪುಕಲ್ಲಿನ ಗೋಡೆಯೇನೋ ಗಟ್ಟಿಯಾಗಿದೆ, ಆದರೆ ಮೇಲೆ ಹಲಗೆಯ ಅಟ್ಟ, ಅದರ ಮೇಲೆ ಮಂಗಳೂರು ಹೆಂಚು. ಮುಚ್ಚಿದ ತಾರಸಿ ಕೋಣೆಯಲ್ಲಿ ಎಂಟು ಇಂಚಿಗೆ ಮುಗಿಯುವ ಕೆಲಸಕ್ಕೆ ಇಲ್ಲಿ ಹನ್ನೆರಡೇ ಬೇಕು.

ಮೊದಲ ಸಲ ಹಾಕಿದಾಗ ಕೇಳಿಸಿದ್ದು ಸಿನಿಮಾ ಅಲ್ಲ, ಮನೆ. ಅಟ್ಟದ ಹಲಗೆ ಚಟಚಟ ಎಂದಿತು. ರೀಪಿನ ಮೇಲೆ ಸಡಿಲವಾಗಿ ಕೂತಿದ್ದ ಹೆಂಚೊಂದು ಹಲ್ಲು ಕಡಿಯತೊಡಗಿತು. ಗೋಡೆಯ ಮೇಲಿನ ಹಿರಿಯರ ಫೋಟೋಗಳ ಗಾಜು ತಾಳ ಹಾಕಿತು. ಪಕ್ಕಾಸಿನ ಮೇಲಿಂದ ವರ್ಷಗಳ ಮಸಿ ಸೋಫಾದ ಮೇಲೆ ಉದುರಿತು. 1974ರಲ್ಲಿ ಹಾಲಿವುಡ್ಡಿನ 'ಅರ್ಥ್‌ಕ್ವೇಕ್' ಸಿನಿಮಾಕ್ಕೆ ಸೆನ್‌ಸರೌಂಡ್ ಎಂಬ ಹೆಸರಿನಲ್ಲಿ ಥಿಯೇಟರಿಗೆ ದೈತ್ಯ ಬೇಸ್ ಪೆಟ್ಟಿಗೆಗಳನ್ನು ತಂದಿಟ್ಟಾಗ, ಉದುರುವ ಗಾರೆ ಪ್ರೇಕ್ಷಕರ ತಲೆಗೆ ಬೀಳದಂತೆ ಅಲ್ಲೊಂದು ಕಡೆ ಛಾವಣಿಗೆ ಬಲೆ ಕಟ್ಟಿದ್ದರು. ಇಲ್ಲಿನವರಿಗೆ ಆ ಅನುಭವಕ್ಕೆ ಟಿಕೆಟ್ ಬೇಕಾಗಿರಲಿಲ್ಲ. 2022ರ ಜೂನ್ ಕೊನೆಯಲ್ಲಿ ಸುಳ್ಯ–ಕೊಡಗಿನ ಗಡಿಯಲ್ಲಿ, ಚೆಂಬು, ಸಂಪಾಜೆಯ ಆಸುಪಾಸು, ಭೂಮಿ ಸಣ್ಣಗೆ ಮತ್ತೆ ಮತ್ತೆ ಕಂಪಿಸಿದಾಗ ನೆಲದೊಳಗಿನ ಗುಡುಗುಡು ಕೇಳಿ ಜನ ಮನೆಯಿಂದ ಹೊರಗೋಡಿದ್ದರು. ಹಾಗಾಗಿ ಅಡುಗೆಮನೆಯಿಂದ ಅಜ್ಜಿ ಸೌಟು ಹಿಡಿದೇ ಅಂಗಳಕ್ಕೆ ಇಳಿದದ್ದಕ್ಕೆ ಯಾರೂ ನಗಲಿಲ್ಲ.

ಹಲಗೆಯ ಸದ್ದಿಗೆ ಔಷಧ ಮನೆಯಲ್ಲೇ ಇತ್ತು. ಒಣಗಿದ ಹಳೆ ಅಡಿಕೆಯ ನಾಲ್ಕು ಮೂಟೆಗಳನ್ನು ಅಟ್ಟದ ನಡುವಿಗೆ ಎಳೆದಿಟ್ಟದ್ದೇ ತಡ, ಭಾರಕ್ಕೆ ಹಲಗೆ ಬಾಯಿ ಮುಚ್ಚಿತು. ಧಾರಣೆ ಏರುವವರೆಗೆ ಅಡಿಕೆಯನ್ನು ಕಾದಿಡಲು ಇನ್ನೊಂದು ನೆಪವೂ ಸಿಕ್ಕಿತು.

ಜಾಗ ಹುಡುಕುವುದು ಅದಕ್ಕಿಂತ ಕಷ್ಟ. ಕೋಣೆ 15 ಅಡಿ ಉದ್ದ. ಅಷ್ಟು ದೂರದ ಎರಡು ಗೋಡೆಗಳ ನಡುವೆ ಸುಮಾರು 38 ಹರ್ಟ್ಸ್‌ನ ಅಲೆ ಸರಿಯಾಗಿ ಅರ್ಧ ಕೂರುತ್ತದೆ. ಆ ಸದ್ದು ಗೋಡೆಯ ಬುಡದಲ್ಲಿ ಮೊಳಗುತ್ತದೆ, ನಟ್ಟನಡುವೆ ಮಾಯವಾಗುತ್ತದೆ. ಸೋಫಾ ಇದ್ದದ್ದು ನಟ್ಟನಡುವೆಯೇ! ಅದನ್ನು ಎರಡಡಿ ಹಿಂದಕ್ಕೆ ಸರಿಸಿದರು. ಆಮೇಲೆ ಪೆಟ್ಟಿಗೆಯನ್ನೇ ಸೋಫಾದ ಮೇಲೆ ಕೂರಿಸಿ, ಬೇಸ್ ಗಿಟಾರಿನ ಹಾಡೊಂದನ್ನು ಹಾಕಿ, ಮನೆಯ ಹುಡುಗ ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತ ಕಿವಿ ಕೊಟ್ಟ. ಮೂಲೆಯಲ್ಲಿ ಬರೀ ಗುಂಯ್‌ಗುಡುವಿಕೆ. ಕಿಟಕಿಯ ಕೆಳಗೆ ಸದ್ದು ತೆಳು. ಟಿವಿ ಮೇಜಿನ ಎಡಗಡೆ, ಗೋಡೆಯಿಂದ ಒಂದು ಮೊಳ ಈಚೆ, ಪ್ರತಿ ತಂತಿಯ ಮಿಡಿತವೂ ಬಿಡಿಬಿಡಿಯಾಗಿ ಕೇಳಿತು. ಅಲ್ಲಿ ಪೆಟ್ಟಿಗೆ ಇಟ್ಟರೆ ಸೋಫಾದಲ್ಲಿ ಕೂತವರಿಗೂ ಸದ್ದು ಹಾಗೆಯೇ ಕೇಳುತ್ತದೆ, ಹಾಗಾಗಿ ಪೆಟ್ಟಿಗೆಗೆ ಜಾಗ ಅದೇ. "ಏನು ಕಳೆದದ್ದು ಮಾರಾಯ?" ಎಂದು ಅಜ್ಜಿ ಕೇಳುತ್ತಲೇ ಇದ್ದರು.

ಸಬ್‌ವೂಫರಿಗೂ ಮುಂದಿನ ಸ್ಪೀಕರಿಗೂ ಸದ್ದು ಹಂಚುವ ಗಡಿ, ಅಂದರೆ ಕ್ರಾಸ್‌ಓವರ್, 80 ಹರ್ಟ್ಸ್‌ಗೆ ನಿಂತಿತು. ಅದು ಸರಿಯೋ ಎಂದು ನೋಡಲು ಹಾಲಿವುಡ್ಡಿನ ಸ್ಫೋಟ ಬೇಡ, ತೆಂಕುತಿಟ್ಟಿನ ಒಂದು ಆಟದ ರೆಕಾರ್ಡಿಂಗ್ ಸಾಕು. ಚೆಂಡೆಯ ಪೆಟ್ಟಿನ ಮೊನೆ ಮುಂದಿನ ಸ್ಪೀಕರಿನದೇ ಆಗಿರಬೇಕು, ಭಾಗವತರ ಕಂಠವಂತೂ ಪೂರ್ತಿ ಅಲ್ಲಿಂದಲೇ ಬರಬೇಕು. ಭಾಗವತರು ಪೆಟ್ಟಿಗೆಯೊಳಗೆ ಕೂತು ಹಾಡಿದಂತೆ ಅನ್ನಿಸಿತೋ, ಕ್ರಾಸ್‌ಓವರ್ ಮೇಲಾಗಿದೆ ಎಂದರ್ಥ. ಯಕ್ಷಗಾನ ನಡೆಯುವಷ್ಟು ಹೊತ್ತು ಸಬ್‌ವೂಫರ್ ಹೆಚ್ಚುಕಡಿಮೆ ಸುಮ್ಮನಿರಬೇಕು. ಹಾಗೆ ಸುಮ್ಮನಿರಲು ಬರದ ಪೆಟ್ಟಿಗೆಗೆ ದುಡ್ಡು ಸುರಿಯುವುದು ದಂಡ.

ಮಳೆಗಾಲದ ಲೆಕ್ಕ ಬೇರೆ. ಆಟಿಯ ಮಳೆ ಹೆಂಚಿಗೆ ಹೊಡೆಯುವಾಗ ಮಾತು ಕೇಳದೆಂದು ವಾಲ್ಯೂಮ್ ಏರಿಸುತ್ತಾರೆ, ಜೊತೆಗೆ ಬೇಸೂ ಏರಿ ಎದೆಗೆ ಗುದ್ದುತ್ತದೆ. ಆಗ ಏರಿಸಬೇಕಾದದ್ದು ಮಾತು ಬರುವ ನಡುವಿನ ಸ್ಪೀಕರನ್ನು ಮಾತ್ರ. ತೇವಕ್ಕೆ ಕಾಗದದ ಕೋನಿನ ಮೇಲೆ ಬೂಷ್ಟು ಹಿಡಿಯುತ್ತದೆ, ಕೋನಿನ ಅಂಚು ಫೋಮಿನದಾದರೆ ಕೆಲವು ವರ್ಷಕ್ಕೆ ಪುಡಿಯಾಗುತ್ತದೆ. ಈ ಸೀಮೆಗೆ ರಬ್ಬರ್ ಅಂಚೇ ಲೇಸು. ಹಿಂದೆ ಗಾಳಿಯ ಕೊಳವೆ ಇರುವ ಪೆಟ್ಟಿಗೆ ಕಡಿಮೆ ಕರೆಂಟಿನಲ್ಲಿ ಹೆಚ್ಚು ಗುಡುಗುತ್ತದೆ ನಿಜ. ಆದರೆ ಆ ಕೊಳವೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ, ಹಲ್ಲಿ ಮೊಟ್ಟೆ ಇಡುತ್ತದೆ. ಈ ಮನೆಯವರು ಕೊಳವೆ ಇಲ್ಲದ ಮುಚ್ಚಿದ ಪೆಟ್ಟಿಗೆ ತಂದದ್ದು ಒಳ್ಳೆಯದೇ ಆಯಿತು.

ಸಂಜೆ 'ಕಾಂತಾರ' ನೋಡುವುದೆಂದು ಪಕ್ಕದ ಮನೆಯವರೂ ಬಂದು ಕೂತರು. ಅಷ್ಟರಲ್ಲಿ ಕುಮಾರಪರ್ವತದ ಕಡೆ ಕಪ್ಪಗೆ ಮೋಡ ಕಟ್ಟಿ ಮಿಂಚಿತು. ಹುಡುಗ ಎದ್ದವನೇ ಸಬ್‌ವೂಫರಿನ ಪ್ಲಗ್ ಕಿತ್ತ, ಆಂಪ್ಲಿಫೈಯರಿನದನ್ನೂ ಕಿತ್ತ. ಅಲ್ಲಿಗೇ ಕೂರಲು ಹೊರಟವನನ್ನು ಅಪ್ಪ ಗದರಿಸಿ ಎಬ್ಬಿಸಿದರು: "ಡಿಶ್ಶಿನ ವಯರ್ ಯಾರು ತೆಗಿಯುದು?" ಸಿಡಿಲು ಮೀಟರ್ ಬೋರ್ಡಿನ ದಾರಿಯನ್ನೇ ಹಿಡಿಯಬೇಕೆಂದಿಲ್ಲ, ಮಾಡಿನ ಮೇಲಿನ ಡಿಶ್ಶಿನಿಂದ ಟಿವಿಗೆ, ಟಿವಿಯಿಂದ ಆಂಪ್ಲಿಫೈಯರಿಗೆ ವಯರ್ ಹಿಡಿದು ಬರುವುದೂ ಉಂಟು.