ಧೂಳಿನ ಅರಿಸಮಾಸ

ಕ್ವಿಜ್ ವೇದಿಕೆಯ ಮೇಲೆ ಬಾಲಕನೊಬ್ಬನು ಕಣ್ಣು ಮುಚ್ಚಿ, ಒಂದೇ ಉಸಿರಿನಲ್ಲಿ ‘ನ್ಯುಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೇನೊಕೋನಿಯೋಸಿಸ್’ ಎಂದು ಒಪ್ಪಿಸಿ ಕರತಾಡನ ಗಳಿಸಿದುದನ್ನು ಕಂಡಂದಿನಿಂದ, ಇಂಗ್ಲಿಷಿನಲ್ಲಿ 45 ಅಕ್ಷರಗಳುಳ್ಳ ಈ ಮಹಾಪದದ ಜಾತಕವನ್ನು ಹುಡುಕುವ ಗೀಳು ನನಗೆ ಹತ್ತಿತು. ಹುಡುಕಿದರೆ, ಇದನ್ನು ಹಡೆದವನು ವೈದ್ಯನೇ ಅಲ್ಲ! ಅಮೆರಿಕದ ಒಗಟುಪ್ರಿಯರ ಸಂಘಕ್ಕೆ ಅಧ್ಯಕ್ಷನಾಗಿದ್ದ ಎವರೆಟ್ ಸ್ಮಿತ್ ಎಂಬಾತನು 1935ರಲ್ಲಿ, ನ್ಯೂಯಾರ್ಕಿನ ಸಭೆಯೊಂದರಲ್ಲಿ ಇದನ್ನು ವಿನೋದಕ್ಕೆಂದು ಹೊಸೆದು ಹರಿಯಬಿಟ್ಟನು. 1939ರಲ್ಲಿ ವೆಬ್‌ಸ್ಟರ್ ನಿಘಂಟಿನ ಅನುಬಂಧವು ಅದಕ್ಕೆ ಪೀಠವನ್ನೇ ಇತ್ತಿತು.

ವಿಗ್ರಹಿಸಲು ಬಾಲದಿಂದ ತೊಡಗಬೇಕು. ‘ಕೋನಿಸ್’ ಎಂದರೆ ಗ್ರೀಕಿನಲ್ಲಿ ಧೂಳು. ‘ಓಸಿಸ್’ ರೋಗಸ್ಥಿತಿಯನ್ನು ಸೂಚಿಸುವ ಪ್ರತ್ಯಯ. ತಲೆಯಲ್ಲಿರುವ ‘ಪ್ನೆಯುಮೋನ್’ ಶ್ವಾಸಕೋಶ. ಗ್ರೀಕರು ನುಡಿಯುತ್ತಿದ್ದ ಆ ಮೊದಲ ಪಕಾರವನ್ನು ಇಂಗ್ಲಿಷಿನ ನಾಲಗೆ ನುಂಗಿದೆಯಾದರೂ, ‘ಅಪ್ನಿಯ’ದಲ್ಲಿರುವಂತೆ ಹಿಂದೊಂದು ಸ್ವರ ಬಂದು ನಿಂತೊಡನೆ ಅದು ಮರಳಿ ಬಾಯಿಗೆ ಬರುತ್ತದೆ. ನಡುವಣ ಅಲ್ಟ್ರಾ, ಸಿಲಿಕೊ, ಜ್ವಾಲಾಮುಖಿಯನ್ನು ಸೂಚಿಸುವ ವಾಲ್ಕೇನೊಗಳು ಲ್ಯಾಟಿನ್ ಮೂಲದವು. ಸಂಸ್ಕೃತಕ್ಕೆ ಕನ್ನಡವನ್ನು ಬೆಸೆದರೆ ಅರಿಸಮಾಸವೆಂದು ಹುಬ್ಬು ಗಂಟಿಕ್ಕುವ ನಮ್ಮ ವೈಯಾಕರಣರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಆದರೆ ಈ ಆಟಿಕೆಯೊಳಗೆ ನಿಜವಾದ ಪದವೊಂದು ಹುದುಗಿದೆ. ನ್ಯೂರೆಂಬರ್ಗಿನ ಕಾರ್ಖಾನೆಯಲ್ಲಿ, ಚಿನ್ನದ ರೇಕುಗಳ ನಡುವೆ ಇಡುವ ಕಾಗದಕ್ಕೆ ಕಬ್ಬಿಣದ ಕೆಂಪು ಪುಡಿಯನ್ನು ತಿಕ್ಕುತ್ತಿದ್ದ ಹೆಂಗಸೊಬ್ಬಳು ಸತ್ತಾಗ, ಅವಳ ಶ್ವಾಸಕೋಶಗಳು ಸುಟ್ಟ ಇಟ್ಟಿಗೆಯಂತೆ ಕೆಂಪಗಿದ್ದವು. ಉಸಿರಿನೊಡನೆ ಹೊಕ್ಕ ಧೂಳು ಅಲ್ಲಿಯೇ ನೆಲೆನಿಲ್ಲುವುದೆಂದು ಅವುಗಳಿಂದ ಮನಗಂಡ ಜರ್ಮನ್ ವೈದ್ಯ ಫ್ರೀಡ್ರಿಕ್ ಆಲ್ಬರ್ಟ್ ಝೆಂಕರ್, 1867ರ ತನ್ನ ಲೇಖನದಲ್ಲಿ ಆ ವ್ಯಾಧಿಯನ್ನು ‘ನ್ಯುಮೊನೊಕೋನಿಯೋಸಿಸ್’ ಎಂದು ಕರೆದನು. ಶ್ವಾಸಕೋಶ, ಧೂಳು, ವ್ಯಾಧಿ: ಮೂರೇ ತುಂಡು, ಮೂರೂ ಗ್ರೀಕ್, ಒಂದೂ ಹೆಚ್ಚಿನದಲ್ಲ. ಸ್ಮಿತ್ ಮಹಾಶಯನು ಇದರ ಹೊಟ್ಟೆಯನ್ನು ಬಗೆದು ಲ್ಯಾಟಿನ್ ಹೊಟ್ಟನ್ನು ತುಂಬಿದನು; ಜಗತ್ತು ಹೊಟ್ಟನ್ನು ಕೊಂಡಾಡಿ ಕಾಳನ್ನು ಮರೆಯಿತು.

ನನ್ನ ಸಿಡುಕಿಗೆ ಕಾರಣ ದೂರದ್ದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಬೆಣಚುಕಲ್ಲನ್ನು ಕೊರೆದವರ ಎದೆಗೆ ಹೊಕ್ಕುದೂ ಇಂತಹುದೇ ಧೂಳು. ಅವರ ರೋಗಕ್ಕೆ ಜ್ವಾಲಾಮುಖಿ ಬೇಕಿರಲಿಲ್ಲ, ‘ಸಿಲಿಕೋಸಿಸ್’ ಎಂಬ ಗಿಡ್ಡ ಹೆಸರೇ ಸಾಕಾಗಿತ್ತು. 2001ರಲ್ಲಿ ಗಣಿ ಮುಚ್ಚಿತು. ಗಣಿತ್ಯಾಜ್ಯದ ಸಯನೈಡ್ ದಿಬ್ಬಗಳ ಮಣ್ಣು ಗಾಳಿಕಾಲದಲ್ಲಿ ಇನ್ನೂ ಏಳುತ್ತದೆ. ಆ ಬಾಲಕನಿಗೆ ನಾನೂ ಚಪ್ಪಾಳೆ ತಟ್ಟಿದೆನು. ಆದರೆ ಆ ರೋಗ ತಗುಲಿದ ಯಾವನಿಗೂ ಅದರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲಾಗದೆಂಬುದು ಮನೆಗೆ ಮರಳುವ ದಾರಿಯಲ್ಲಿ ಹೊಳೆಯಿತು.