ತಪ್ಪು ತೆರೆಯ ಮೇಲೆ, ತಿದ್ದುಪಡಿ ಎಲ್ಲಿ?

2020ರ ಏಪ್ರಿಲ್ ತಿಂಗಳು. ಲಾಕ್‌ಡೌನ್‌ನಿಂದ ಮನೆಯಲ್ಲೇ ಕುಳಿತಿದ್ದ ನಮಗೆ ಟಿ.ವಿ.ಯೇ ಹೊರಜಗತ್ತು. ದೆಹಲಿಯ ತಬ್ಲೀಗಿ ಜಮಾಅತ್ ಸಮಾವೇಶದ ಸುದ್ದಿ ಬಂದದ್ದೇ ತಡ, ಹಲವು ವಾಹಿನಿಗಳಲ್ಲಿ ರೋಗದ ಚರ್ಚೆ ಹಿಂದೆ ಸರಿದು ಒಂದು ಸಮುದಾಯದ ವಿಚಾರಣೆ ಆರಂಭವಾಯಿತು. ವರ್ಷಗಳಿಂದ ನಮ್ಮ ಬೀದಿಗೆ ಹಣ್ಣು ತರುತ್ತಿದ್ದ ಮುಸ್ಲಿಂ ವ್ಯಾಪಾರಿಯ ಗಾಡಿಯ ಬಳಿ ಯಾರೂ ಸುಳಿಯಲಿಲ್ಲ. ಆ ದಿನ ನಾನೂ ಬಾಗಿಲು ತೆರೆಯಲಿಲ್ಲ ಎಂಬುದನ್ನು ಮುಚ್ಚಿಡಲಾರೆ.

ವಾಹಿನಿಗಳ ಒಕ್ಕೂಟಗಳು ಆಗ ಸುಮ್ಮನಿರಲಿಲ್ಲ. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಫೌಂಡೇಷನ್, ನಾಲ್ಕು ಮನರಂಜನಾ ವಾಹಿನಿಗಳನ್ನು ಎರಡು ತಿಂಗಳು ಉಚಿತವಾಗಿ ನೀಡುವುದಾಗಿ ಪ್ರಕಟಿಸಿತು. ಸರ್ಕಾರವು ಮಾಧ್ಯಮ ಜಾಹೀರಾತುಗಳನ್ನು ಎರಡು ವರ್ಷ ನಿಲ್ಲಿಸಲಿ ಎಂದು ಸೋನಿಯಾ ಗಾಂಧಿ ಪ್ರಧಾನಿಗೆ ಪತ್ರ ಬರೆದಾಗ, ನ್ಯೂಸ್ ಬ್ರಾಡ್‌ಕಾಸ್ಟರ್ಸ್ ಅಸೋಸಿಯೇಷನ್ ಕೂಡಲೇ ಹೇಳಿಕೆ ಹೊರಡಿಸಿ ಅದನ್ನು ಖಂಡಿಸಿತು. ಆದಾಯಕ್ಕೆ ಧಕ್ಕೆ ಬಂದೀತೆಂದಾಗ ಮಾತು ಎಷ್ಟು ಬೇಗ ಹೊರಡುತ್ತದೆ!

ವೀಕ್ಷಕರಿಗೆ ಆದ ಧಕ್ಕೆಯ ಕಥೆ ಬೇರೆ. ಬೆಂಗಳೂರಿನ ನಾಗರಿಕ ಗುಂಪೊಂದು ನೀಡಿದ ದೂರಿನ ಮೇಲೆ, ಅದೇ ಅಸೋಸಿಯೇಷನ್ನಿನ ಸ್ವನಿಯಂತ್ರಣ ಪ್ರಾಧಿಕಾರ ಆದೇಶ ನೀಡಿದ್ದು 2021ರ ಜೂನ್‌ನಲ್ಲಿ. ತಬ್ಲೀಗಿ ಕುರಿತ ಕಾರ್ಯಕ್ರಮಗಳಿಗಾಗಿ ಒಂದು ಕನ್ನಡ ವಾಹಿನಿಗೆ 1 ಲಕ್ಷ ರೂಪಾಯಿ, ಇನ್ನೊಂದಕ್ಕೆ 50 ಸಾವಿರ ರೂಪಾಯಿ ದಂಡ ಬಿತ್ತು. ಮೊದಲನೆಯದು ಕ್ಷಮೆಯನ್ನೂ ಕೇಳಬೇಕಾಯಿತು. ಪ್ರಸಾರಕ್ಕೂ ತೀರ್ಪಿಗೂ ನಡುವೆ ಹದಿನಾಲ್ಕು ತಿಂಗಳು ಕಳೆದಿದ್ದವು. ಕನ್ನಡದಲ್ಲಿ ಬಿತ್ತಿದ ಅನುಮಾನಕ್ಕೆ ವಿವರವಾದ ಉತ್ತರ ದೊರೆತದ್ದು ಇಂಗ್ಲಿಷ್ ಆದೇಶದಲ್ಲಿ. ಅದನ್ನು ಹುಡುಕಿ ಓದಿದವರೆಷ್ಟು ಮಂದಿ?

ಸ್ವನಿಯಂತ್ರಣ ಬೇಡವೆಂದು ನಾನು ಹೇಳುತ್ತಿಲ್ಲ. ಸರ್ಕಾರದ ಕತ್ತರಿಗಿಂತ ಅದೇ ಮೇಲು. ಆದರೆ ಸಾಂಕ್ರಾಮಿಕದ ಕಾಲದಲ್ಲಿ ತಪ್ಪು ಮಾಹಿತಿಯೂ ರೋಗದ ವೇಗದಲ್ಲೇ ಹರಡುತ್ತದೆ. ತಿದ್ದುಪಡಿ ವರ್ಷ ಕಳೆದು ಬಂದರೆ ಅದು ಔಷಧವಲ್ಲ, ಮರಣೋತ್ತರ ವರದಿ. ಅಂಥ ದೂರುಗಳನ್ನು ಕೆಲವೇ ದಿನಗಳಲ್ಲಿ ಇತ್ಯರ್ಥಪಡಿಸುವ, ತೀರ್ಪನ್ನು ತಪ್ಪಾದ ಭಾಷೆಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ತೆರೆಯ ಮೇಲೆ ತಿಳಿಸುವ ನಿಯಮವನ್ನು ಒಕ್ಕೂಟ ತಾನಾಗಿಯೇ ಮಾಡಿಕೊಳ್ಳಬೇಕು. 2021ರಲ್ಲಿ ಅದು ತನ್ನ ಹೆಸರಿಗೆ ‘ಡಿಜಿಟಲ್’ ಎಂಬ ಪದವನ್ನು ಸೇರಿಸಿಕೊಂಡಿತು. ಡಿಜಿಟಲ್ ಯುಗದ ವೇಗವನ್ನೂ ಸೇರಿಸಿಕೊಳ್ಳಲಿ.

ಆ ಹಣ್ಣಿನ ವ್ಯಾಪಾರಿ ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಅವರಿಗೆ ಕೇಳಬೇಕಾಗಿದ್ದ ಕ್ಷಮೆ ನನ್ನಲ್ಲೇ ಉಳಿದಿದೆ.